ನಡುನೋವಿಗೆ ಮೊದಲು ಯಾವುದು, ಆಮೇಲೆ ಯಾವುದು?



ನಾಟಿಗೆ ಬಗ್ಗಿದವರು ಮೇಲೇಳಲಾರದೆ ಬದುವಿನ ಮೇಲೆ ಕುಳಿತುಬಿಡುವುದನ್ನು ನೀವು ನೋಡಿದ್ದೀರಿ. ಆಗ ಒಬ್ಬರು ಎಣ್ಣೆ ತಿಕ್ಕಿ ಎನ್ನುತ್ತಾರೆ, ಒಬ್ಬರು ಪಟ್ಟಿ ಕಟ್ಟಿ ಎನ್ನುತ್ತಾರೆ, ಇನ್ನೊಬ್ಬರು ಪೇಟೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ. ಇದರಲ್ಲಿ ಯಾವುದನ್ನು ಆರಿಸಬೇಕು?

ಎರಡು ವರ್ಷದ ಹಿಂದೆ 50 ಕಿಲೋ ಗೊಬ್ಬರದ ಚೀಲ ಎತ್ತುವಾಗ ನನಗೂ ನಡು ಹಿಡಿಯಿತು. ಹೆದರಿ ಹದಿನೈದು ದಿನ ಚಾಪೆ ಬಿಟ್ಟೇಳಲಿಲ್ಲ. ಒಂದು ತಿಂಗಳ ಸಂಬಳ ಸ್ಕ್ಯಾನಿಗೂ ಪಟ್ಟಿಗೂ ಹೋಯಿತು. ಕೊನೆಗೆ ವೈದ್ಯರೊಬ್ಬರು, ಇವು ಯಾವುವೂ ಬೇಕಿರಲಿಲ್ಲ, ಎದ್ದು ನಡೆದಾಡು ಎಂದರು. ನನಗಾದ ನಷ್ಟ ನಿಮಗಾಗಬಾರದು.

ನಡುನೋವು ಬಂದ 10 ಮಂದಿಯಲ್ಲಿ ಸುಮಾರು 9 ಮಂದಿಗೆ ಅದರ ಹಿಂದೆ ದೊಡ್ಡ ರೋಗವೇನೂ ಇರುವುದಿಲ್ಲ. ಹೊಸ ನೋವು ಬಹುಮಟ್ಟಿಗೆ 4ರಿಂದ 6 ವಾರಗಳಲ್ಲಿ ಇಳಿಯುತ್ತದೆ. ಆದುದರಿಂದ ಈ ಕ್ರಮ ಅನುಸರಿಸಿರಿ.

1. ಅಪಾಯದ ಗುರುತು ನೋಡಿರಿ. ಮೂತ್ರ ಕಟ್ಟಿದರೆ, ಮಲಮೂತ್ರ ತಡೆಯಲಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ, ಇಲ್ಲವೆ ಮರದಿಂದ ಬಿದ್ದು ನೋವು ಬಂದಿದ್ದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಕಾಲು ಶಾಶ್ವತವಾಗಿ ಸೋಲಬಹುದು. ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ ಬೇಗನೆ ವೈದ್ಯರಿಗೆ ತೋರಿಸಿರಿ. ಕ್ಷಯವು ಬೆನ್ನುಮೂಳೆಗೂ ತಗಲುವುದುಂಟು. ಸ್ಕ್ಯಾನು ಬೇಕಾದದ್ದು ಇಂಥವರಿಗೆ. ಕೂದಲು ನರೆಯುವಂತೆ ಬೆನ್ನಿನ ಕೀಲುಗಳೂ ಸವೆಯುತ್ತವೆ. ನೋವಿಲ್ಲದವರ ಸ್ಕ್ಯಾನಿನಲ್ಲಿಯೂ ಆ ಸವೆತ ಕಾಣುತ್ತದೆ; ಅದನ್ನು ಕಂಡು ಹೆದರಬೇಕಿಲ್ಲ.

2. ನಡೆದಾಡಿರಿ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿರಿ. ಮಲಗಿದಷ್ಟೂ ಮಾಂಸಖಂಡ ಸೊರಗುತ್ತದೆ. ಹಗುರ ಕೆಲಸ ಮಾಡಿರಿ. ಚೀಲ ಹೊರುವುದನ್ನೂ ಗುದ್ದಲಿಯನ್ನೂ ಕೆಲಕಾಲ ಬೇರೆಯವರಿಗೆ ಬಿಡಿರಿ. ಬಿಸಿ ಉಪ್ಪಿನ ಗಂಟಿನ ಶಾಖ, ಹಗುರವಾಗಿ ಎಣ್ಣೆ ತಿಕ್ಕುವುದು ಹಿತಕರ. ಬೆನ್ನು ತುಳಿಸಬೇಡಿರಿ.

3. ಮಾತ್ರೆ. ನೋವು ತಡೆಯಲಾಗದಿದ್ದರೆ ಐಬುಪ್ರೊಫೆನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ, ಊಟದ ಮೇಲೆ, ಕೆಲವೇ ದಿನ ತೆಗೆದುಕೊಳ್ಳಬಹುದು. ಹೊಟ್ಟೆಹುಣ್ಣು, ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ಅದನ್ನು ತಾವಾಗಿ ನುಂಗಬಾರದು.

4. ವ್ಯಾಯಾಮ. 3 ತಿಂಗಳು ದಾಟಿದ ನೋವಿಗೆ ಕಲಿತವರಿಂದ ಹೇಳಿಸಿಕೊಂಡು ದಿನವೂ ಮಾಡುವ ವ್ಯಾಯಾಮ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಸೂಚನೆಗಳು ವ್ಯಾಯಾಮವನ್ನು ಒಪ್ಪಿವೆ; ಸೊಂಟದ ಪಟ್ಟಿಯನ್ನೂ ಬೆನ್ನು ಎಳೆಸುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬಾರದೆಂದಿವೆ.

5. ಶಸ್ತ್ರಚಿಕಿತ್ಸೆ ಕೊನೆಯ ಮಾತು. ನರ ಒತ್ತಿಕೊಂಡು ಕಾಲಿಗಿಳಿಯುವ ನೋವು ವಾರಗಟ್ಟಲೆ ಕಳೆದರೂ ತಗ್ಗದಿದ್ದರೆ ಅದರ ವಿಚಾರ ಮಾಡಬಹುದು.

ಹಣ ಕಟ್ಟುವ ಮೊದಲು ವೈದ್ಯರನ್ನು ಮೂರು ಮಾತು ಕೇಳಿರಿ: ಇದರಿಂದ ಪ್ರಯೋಜನವೇನು? ಅಪಾಯವೇನು? ಕೆಲವು ವಾರ ಕಾದರೆ ಏನಾಗುತ್ತದೆ? ಬಿತ್ತನೆಬೀಜ ಕೊಳ್ಳುವಾಗ ಹತ್ತು ಸಲ ಕೇಳುವ ನಾವು ಬೆನ್ನಿನ ವಿಷಯದಲ್ಲಿ ಮೂರು ಸಲ ಕೇಳಲು ಸಂಕೋಚಪಡಬೇಕೆ?

— ನಿಮ್ಮ ಗ್ರಾಮಸೇವಕ