ಸೊಗಲದ ಜಲಪಾತಕ್ಕೆ ಒಂದು ದಿನದ ಪ್ರವಾಸ

ಜಲಪಾತವೆಂದೊಡನೆ ಬೆಳಗಾವಿಯ ನಾಗರಿಕರ ಮನಸ್ಸು ಗೋಕಾಕಕ್ಕೆ ಓಡುವುದು ಸಹಜ. ಘಟಪ್ರಭೆಯು ಅಲ್ಲಿ ಸುಮಾರು 170 ಅಡಿ ಧುಮುಕುತ್ತದೆ. ಅಂತಹ ಗಾಂಭೀರ್ಯವಿಲ್ಲದಿದ್ದರೂ, ಗುಡ್ಡ ಹತ್ತಿ ನೋಡುವ ಸುಖವನ್ನು ಬಯಸುವವರಿಗೆ ನಾವು ಬೈಲಹೊಂಗಲದ ಆಚೆಯ ಸೊಗಲವನ್ನು ಸೂಚಿಸುತ್ತೇವೆ. ಅಲ್ಲಿ ಹಳ್ಳವೊಂದು ಸೋಮೇಶ್ವರ ದೇವಾಲಯದ ಬಳಿ ಬಂಡೆಯಿಂದ ಕೆಳಗಿಳಿಯುತ್ತದೆ. ಸ್ಥಳವು ಪ್ರಾಚೀನವಾದುದು, ಚಾಲುಕ್ಯ ತೈಲಪನ ಕಾಲದ, ಕ್ರಿ. ಶ. 980ರ ಶಾಸನವೊಂದು ಸೊಗಲದಲ್ಲಿ ದೊರೆತಿದೆ.

ಇಂತಹ ಪ್ರವಾಸದಲ್ಲಿ ಮೊದಲು ಯೋಚಿಸತಕ್ಕದ್ದು ವಾಹನವನ್ನಲ್ಲ, ಮಳೆಯನ್ನು. ಸಹ್ಯಾದ್ರಿಗೆ ಸಮೀಪವಾದ ಕಿತ್ತೂರಿನ ಕಡೆ ಜುಲೈ ತಿಂಗಳ ಮಳೆ ಹೇರಳ. ಮೂಡಣಕ್ಕೆ, ಸವದತ್ತಿ ರಾಮದುರ್ಗಗಳತ್ತ ಸಾಗಿದಂತೆ ಆ ಮೋಡಗಳು ಬರಿದಾಗುತ್ತವೆ. ಆ ಸೀಮೆಗೆ ಸೆಪ್ಟೆಂಬರಿನ ಮಳೆಯೇ ದೊಡ್ಡ ಆಧಾರ. ಬೇಸಗೆಯಲ್ಲಿ ಹೋದವರಿಗೆ ಸೊಗಲದ ಧಾರೆ ಬಡವಾಗಿ ಕಾಣುವುದು. ಉತ್ತರೆ, ಹಸ್ತ ಮಳೆಗಳ ದಿನಗಳೇ ನಮ್ಮ ಮಟ್ಟಿಗೆ ಪ್ರಶಸ್ತ. ಆದರೆ ಆ ಮಳೆಗಳ ಸ್ವಭಾವವೇ ಬೇರೆ: ಬೆಳಗ್ಗೆ ನಿರ್ಮಲವಾದ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಆದುದರಿಂದ ಆರು ಗಂಟೆಗೇ ಊರು ಬಿಡಬೇಕು.

ಮಾರ್ಗದರ್ಶಿಯಾಗಿ ಅಲ್ಲಿಯವರೇ ಒಬ್ಬರು ಇರಲಿ. ಒಮ್ಮೆ ನಾವು ವಿದ್ಯಾರ್ಥಿಗಳೊಡನೆ ಹೋದಾಗ ಕುರಿ ಕಾಯುವ ಹಿರಿಯರೊಬ್ಬರು ದಾರಿ ತೋರಿಸಲು ಒಪ್ಪಿದ್ದರು. ಅವರಿಗೆ ದಾರಿಗಿಂತ ಹೆಚ್ಚಾಗಿ ಹಳ್ಳ ಗೊತ್ತು. ಹುಡುಗರು ನೀರಿಗಿಳಿದು ಆಡುತ್ತಿದ್ದರು. ನಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅಷ್ಟರಲ್ಲಿ ಆ ಹಿರಿಯರು, “ಮಾಸ್ತರ್ರ, ನೀರ ಕೆಂಪಾತು, ಹುಡುಗರನ್ನ ಲಗೂ ಮ್ಯಾಲ ಕರಕೊಳ್ರಿ,” ಎಂದರು. ಇನ್ನೂ ಅರ್ಧ ಗಂಟೆ ಕಳೆಯಬಹುದೆಂದು ವಾದಿಸಿದವರು ನಾವೇ ಎಂಬುದನ್ನು ಒಪ್ಪಿಕೊಳ್ಳಬೇಕು. ಅವರು ಉತ್ತರ ಕೊಡಲಿಲ್ಲ. ತಾವೇ ನೀರಿಗಿಳಿದು ಹುಡುಗರ ಕೈ ಹಿಡಿದು ಮೇಲೆಳೆದರು. ಕೊನೆಯವನು ದಡ ಸೇರಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಅವನು ನಿಂತಿದ್ದ ಬಂಡೆಯೇ ಕಾಣದಾಯಿತು. ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಮಣ್ಣನ್ನು ಕೊಚ್ಚಿ ತರುತ್ತದೆ. ಬಣ್ಣ ಮುಂಚೆ, ಪ್ರವಾಹ ಆಮೇಲೆ. ಈ ಎರಡರ ನಡುವಿನ ಅವಕಾಶ ಬಹಳ ಕಡಿಮೆ.

ಆದುದರಿಂದ ಹೊರಡುವ ಮುನ್ನವೇ ಒಂದು ಕರಾರನ್ನು ಮಾಡಿಕೊಳ್ಳಬೇಕು: ಹೊರಡುವ ಹೊತ್ತನ್ನು ನಾವು ಗೊತ್ತುಮಾಡೋಣ, ಹಿಂದಿರುಗುವ ಹೊತ್ತನ್ನು ಮಾರ್ಗದರ್ಶಿ ಗೊತ್ತುಮಾಡಲಿ. ಅವರ ಕೂಲಿಯನ್ನು ಬೆಳಗ್ಗೆಯೇ ಮಾತಾಡಿ, ಬೇಗ ಮರಳಿದರೂ ಪೂರ್ತಿ ಕೊಡಬೇಕು.

ಅದೇ ದಿನ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೂ, ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ನವಿಲುತೀರ್ಥವನ್ನೂ ನೋಡಿಬಿಡುವ ಆಸೆ ಹಲವರಿಗೆ ಉಂಟು. ಅವುಗಳಿಗೆ ಬೇರೊಂದು ಭಾನುವಾರವಿರಲಿ. ಸೊಗಲದಲ್ಲಿ ಮಧ್ಯಾಹ್ನಕ್ಕೆ ಮೊದಲೇ ನೀರಿನಿಂದ ಮೇಲೆ ಬಂದು, ದೇವಾಲಯದ ಬಳಿ ರೊಟ್ಟಿಯ ಬುತ್ತಿ ಬಿಚ್ಚಿದರೆ, ಗುಡುಗುವ ಹೊತ್ತಿಗೆ ಬೈಲಹೊಂಗಲದಲ್ಲಿ ಚಹಾ ಕುಡಿಯುತ್ತಿರಬಹುದು.