ಹಿತ್ತಲಿನ ಕೆಂಪು ರಾಸ್ಪ್‌ಬೆರಿ: ಕತ್ತರಿ ಹಿಡಿಯುವ ಮುನ್ನ

ಹಿತ್ತಲೆಂಬುದು ನಮ್ಮ ಹಿರಿಯರ ಗೃಹಜೀವನದ ಅವಿಭಾಜ್ಯ ಅಂಗವಾಗಿತ್ತು. ಒಂದು ನುಗ್ಗೆಯ ಮರ, ನಾಲ್ಕು ಬಾಳೆ, ಬೇಲಿಗೆ ಹಬ್ಬಿದ ಹೀರೆಬಳ್ಳಿ ಇಲ್ಲದ ಮನೆ ಹಳ್ಳಿಗಳಲ್ಲಿ ವಿರಳವಾಗಿತ್ತು. ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಸಾಗರದಾಚೆ ನೆಲೆಸಿದ್ದಾರೆ. ಅಲ್ಲಿಯೂ ಅವರು ಹಿತ್ತಲನ್ನು ಮರೆತಿಲ್ಲವೆಂಬುದು ಸಂತೋಷದ ಸಂಗತಿ. ಆದರೆ ಅಲ್ಲಿಯ ಋತುಮಾನ ಬೇರೆ, ಗಿಡಗಳ ಸ್ವಭಾವ ಬೇರೆ. ಅದನ್ನರಿಯದೆ ಕೈಹಾಕಿದರೆ ಏನಾಗುವುದೆಂಬುದನ್ನು ನಾನು ಅನುಭವದಿಂದ ಕಲಿತೆನು.

ನನ್ನ ಮಗಳ ಮನೆ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿದೆ. ಕೆಂಪು ರಾಸ್ಪ್‌ಬೆರಿ ಬೆಳೆಗೆ ಹೆಸರಾದ ಸೀಮೆಯದು. ಕೆಲವು ವರ್ಷಗಳ ಹಿಂದೆ ಫೆಬ್ರವರಿ ತಿಂಗಳಲ್ಲಿ ನಾನು ಅಲ್ಲಿಗೆ ಹೋದಾಗ ಹಿತ್ತಲಿನ ಅಂಚಿನಲ್ಲಿ ಎಲೆಯೊಂದೂ ಇಲ್ಲದ ಮುಳ್ಳುಕೋಲುಗಳ ಸಾಲೊಂದು ಕಂಡಿತು. ಬಾಲ್ಯದಲ್ಲಿ ಮಠದ ತೋಟದಲ್ಲಿ ಕೆಲಸ ಮಾಡಿ ಬೆಳೆದವನೆಂಬ ಅಭಿಮಾನ ನನ್ನದು. ಯಾರನ್ನೂ ಕೇಳದೆ ಅವನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ ರಾಶಿ ಹಾಕಿದೆ. ಸಂಜೆ ಕೆಲಸದಿಂದ ಬಂದ ಮಗಳು ರಾಶಿಯನ್ನು ನೋಡಿ ಕ್ಷಣಕಾಲ ಸುಮ್ಮನಾದಳು. "ಅಪ್ಪಾಜಿ, ಅವು ಒಣಗಿರಲಿಲ್ಲ, ಚಳಿಗೆ ಮಲಗಿದ್ದವು. ಇರಲಿ ಬಿಡಿ, ಬೇರು ಇದೆಯಲ್ಲ" ಎಂದಳು. ಆ ಬೇಸಿಗೆಯಲ್ಲಿ ಪುಟ್ಟ ಮೊಮ್ಮಗಳು ಬಟ್ಟಲು ಹಿಡಿದು ಸಾಲಿನ ಬಳಿಗೆ ಹೋಗಿ ಬರಿಗೈಯಲ್ಲಿ ಮರಳುವುದನ್ನು ನಾನು ದಿನವೂ ನೋಡಬೇಕಾಯಿತು.

ಗಿಡದ ಸ್ವಭಾವ

ರಾಸ್ಪ್‌ಬೆರಿಯು ಗುಲಾಬಿಯ ಕುಟುಂಬಕ್ಕೆ ಸೇರಿದ ಸಸ್ಯ. ಲಿನೇಯಸ್ ಎಂಬ ವಿದ್ವಾಂಸನು 1753ರಲ್ಲಿ ಇದನ್ನು ರೂಬಸ್ ಐಡೇಯಸ್ ಎಂದು ಹೆಸರಿಸಿದನು. 'ಐಡೇಯಸ್' ಎಂದರೆ ಐಡಾ ಪರ್ವತಕ್ಕೆ ಸಂಬಂಧಿಸಿದುದು ಎಂದರ್ಥ. ಇದರ ಬೇರು ಬಹುಕಾಲ ಬಾಳುತ್ತದೆ. ಆದರೆ ಬೇರಿನಿಂದ ಮೇಲೆದ್ದ ಪ್ರತಿಯೊಂದು ಕೋಲಿನ ಆಯುಷ್ಯ ಎರಡೇ ವರ್ಷ. ಮೊದಲ ವರ್ಷ ಅದು ಹಸಿರಾಗಿ ಬೆಳೆಯುತ್ತದೆ, ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಮಿಸುತ್ತದೆ, ಎರಡನೆಯ ವರ್ಷ ಹೂಬಿಟ್ಟು ಹಣ್ಣು ಕೊಟ್ಟು ಸಾಯುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಮುಂದಿನ ವರ್ಷದ ಕೋಲುಗಳು ಎದ್ದಿರುತ್ತವೆ. ಗೊನೆ ಕೊಟ್ಟ ಬಾಳೆಯನ್ನು ಕಡಿದು ಕಂದನ್ನು ಉಳಿಸಿಕೊಳ್ಳುವ ನಮ್ಮವರಿಗೆ ಇದು ತಿಳಿಯದ ವಿಷಯವಲ್ಲ. ನಾನು ಕಡಿದದ್ದು ಗೊನೆ ಹಾಕಬೇಕಿದ್ದ ಬಾಳೆಯನ್ನೇ!

ನೆಡುವ ಕ್ರಮ

ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳವನ್ನು ಆರಿಸಬೇಕು. ನೀರು ನಿಂತರೆ ಬೇರು ಕೊಳೆಯುವುದು ನಿಶ್ಚಿತ. ಜಿಗುಟು ಮಣ್ಣಾದರೆ ಏರುಮಡಿ ಮಾಡುವುದೇ ಲೇಸು. ಮಣ್ಣು ತುಸು ಆಮ್ಲಗುಣದ್ದಾಗಿರಬೇಕು. ಹಿಂದಿನ ಮೂರು ನಾಲ್ಕು ವರ್ಷಗಳಲ್ಲಿ ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಬೆಳೆದ ಜಾಗ ಬೇಡ. ಅವುಗಳ ಸೊರಗು ರೋಗದ ಶಿಲೀಂಧ್ರವು ಮಣ್ಣಿನಲ್ಲಿ ಉಳಿದು ಇದನ್ನೂ ಕಾಡುತ್ತದೆ. ನಮ್ಮ ಅಡುಗೆಗೆ ಈ ತರಕಾರಿಗಳೇ ಆಧಾರವಾದುದರಿಂದ ಕನ್ನಡಿಗರ ಮನೆಯಲ್ಲಿ ಈ ಎಚ್ಚರ ಮುಖ್ಯ.

ವಸಂತದ ಆರಂಭದಲ್ಲಿ ಎರಡು ಎರಡೂವರೆ ಅಡಿಗೊಂದರಂತೆ ಸಸಿ ನೆಡಬೇಕು. ಸಾಲಿನ ಎರಡೂ ತುದಿಗೆ ಗೂಟ ನೆಟ್ಟು, ಸುಮಾರು ಎರಡೂವರೆ ಅಡಿ ಮತ್ತು ಐದು ಅಡಿ ಎತ್ತರದಲ್ಲಿ ತಂತಿ ಎಳೆದು ಕೋಲುಗಳನ್ನು ಕಟ್ಟಬೇಕು. ಬುಡಕ್ಕೆ ಮರದ ಚಕ್ಕೆಯ ಹೊದಿಕೆ ಹಾಕಿ, ಬೇಸಿಗೆಯಲ್ಲಿ ತೇವ ಆರದಂತೆ ನೋಡಿಕೊಳ್ಳಬೇಕು.

ಕತ್ತರಿಸುವ ಕ್ರಮ

ಇದೇ ಈ ಕೃಷಿಯ ಮರ್ಮ. ಮೊದಲು ತಳಿ ಯಾವುದೆಂದು ಕೇಳಿ ತಿಳಿಯಬೇಕು. ಮೀಕರ್, ವಿಲ್ಲಾಮೆಟ್, ಟುಲಮೀನ್ ಮೊದಲಾದವು ಬೇಸಿಗೆಯಲ್ಲಿ ಎರಡನೆಯ ವರ್ಷದ ಕೋಲಿನಲ್ಲಿ ಫಲಿಸುತ್ತವೆ. ಇವುಗಳಲ್ಲಿ ಕೊಯ್ಲು ಮುಗಿದ ಮೇಲೆ ಹಣ್ಣು ಕೊಟ್ಟ ಕೋಲನ್ನು ಮಾತ್ರ ನೆಲಮಟ್ಟಕ್ಕೆ ಕತ್ತರಿಸಬೇಕು. ಅದರ ತೊಗಟೆ ಕಂದಾಗಿ ಸುಲಿಯುತ್ತಿರುತ್ತದೆ, ಪಕ್ಕದ ರೆಂಬೆಗಳಲ್ಲಿ ಹಣ್ಣಿನ ತೊಟ್ಟುಗಳು ಉಳಿದಿರುತ್ತವೆ. ಹಸಿರು ಕೋಲು ಮುಂದಿನ ವರ್ಷದ ಫಲ. ಅವುಗಳಲ್ಲಿಯೂ ಸಾಲಿನ ಒಂದು ಅಡಿಗೆ ಮೂರು ನಾಲ್ಕು ಪುಷ್ಟವಾದವನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು.

1969ರಲ್ಲಿ ಬಿಡುಗಡೆಯಾದ ಹೆರಿಟೇಜ್ ತಳಿಯ ರೀತಿ ಬೇರೆ. ಅದು ಮೊದಲ ವರ್ಷವೇ ಶರತ್ಕಾಲದಲ್ಲಿ ಕೋಲಿನ ತುದಿಯಲ್ಲಿ ಹಣ್ಣು ಬಿಡುತ್ತದೆ. ಶರತ್ಕಾಲದ ಒಂದೇ ಫಸಲು ಸಾಕೆನ್ನುವವರು ಚಳಿಗಾಲದ ಕೊನೆಯಲ್ಲಿ ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಬಹುದು. ಮಗಳ ಮನೆಯದು ಈ ತಳಿಯಾಗಿದ್ದರೆ ನಾನು ಮಾಡಿದ್ದು ತಪ್ಪಾಗುತ್ತಿರಲಿಲ್ಲ. ಆದರೆ ಅದು ಮೀಕರ್ ಆಗಿತ್ತು.

ಕೊಯ್ಲು

ಹಣ್ಣು ಮಾಗಿದಾಗ ಮೆಲ್ಲನೆ ಹಿಡಿದರೆ ಸಾಕು, ಒಳಗಿನ ತಿರುಳು ಗಿಡದಲ್ಲೇ ಉಳಿದು, ಟೊಪ್ಪಿಗೆಯಂತೆ ಟೊಳ್ಳಾಗಿ ಕೈಗೆ ಬರುತ್ತದೆ. ಎಳೆದರೆ ಬಾರದ ಹಣ್ಣು ಇನ್ನೂ ಕಾಯಿ. ಎರಡು ಮೂರು ದಿನಕ್ಕೊಮ್ಮೆ ಬಿಡದೆ ಕೊಯ್ಯಬೇಕು. ಮಾಗಿದ ಹಣ್ಣಿನಲ್ಲಿ ಮೊಟ್ಟೆಯಿಡುವ ಚುಕ್ಕೆರೆಕ್ಕೆಯ ಸಣ್ಣ ನೊಣವೊಂದು 2008ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡು, ಮರುವರ್ಷವೇ ವಾಷಿಂಗ್ಟನ್ ರಾಜ್ಯವನ್ನೂ ತಲುಪಿತು. ಹಣ್ಣನ್ನು ಗಿಡದಲ್ಲಿ ಬಿಟ್ಟಷ್ಟೂ ಅದರ ಕಾಟ ಹೆಚ್ಚು. ಫ್ರಿಜ್ಜಿನಲ್ಲಿಟ್ಟರೂ ಹಣ್ಣು ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳದು, ತಿನ್ನುವ ಮುನ್ನವಲ್ಲದೆ ತೊಳೆಯಬಾರದು. ಕೂಡಿಡಲು ಬಾರದ ಫಲವಿದು, ಅಂದಂದೇ ನೆರೆಹೊರೆಯವರೊಡನೆ ಹಂಚಿಕೊಳ್ಳಬೇಕಾದುದು.

ನಮ್ಮ ನಾಡಿನಲ್ಲಿ

ಈ ಗಿಡಕ್ಕೆ ದೀರ್ಘವಾದ ಚಳಿ ಬೇಕು. ಆದುದರಿಂದ ನಮ್ಮ ಬಯಲುಸೀಮೆಯಲ್ಲಿ ಇದು ಫಲಿಸದು, ಸಸಿ ತರಿಸಿ ಹಣ ಕಳೆದುಕೊಳ್ಳಬಾರದು. ಆದರೆ ಇದರದೇ ಬಂಧುವೊಂದು ಪಶ್ಚಿಮ ಘಟ್ಟದ ಎತ್ತರದ ಪ್ರದೇಶಗಳಲ್ಲಿ ತಾನಾಗಿ ಬೆಳೆಯುತ್ತದೆ. ಅದರ ಹಣ್ಣು ಮೊದಲು ಕೆಂಪಾಗಿದ್ದು ಮಾಗಿದಾಗ ಕಡುನೇರಳೆಯಾಗುತ್ತದೆ. ಲೋಕವು ಅದನ್ನು 'ಮೈಸೂರು ರಾಸ್ಪ್‌ಬೆರಿ' ಎಂದೇ ಕರೆಯುತ್ತದೆ. ಚಳಿ ಬೇಡದ ಈ ಗಿಡವನ್ನು ಅಮೆರಿಕದ ಫ್ಲೋರಿಡಾದಲ್ಲಿಯೂ ಬೆಳೆಸುತ್ತಾರೆ. ಹವಾಯಿ, ಗಲಾಪಗೋಸ್ ದ್ವೀಪಗಳಲ್ಲಿ ಮಾತ್ರ ಅದೇ ಗಿಡ ಹಬ್ಬಿ ಹಾವಳಿಯಾಗಿದೆ. ನೆಲವನ್ನರಿಯದೆ ಗಿಡ ನೆಡಬಾರದೆಂಬುದಕ್ಕೆ ಇದೊಂದು ನಿದರ್ಶನ.

ಮಗಳು ಹೇಳಿದಂತೆ ಬೇರು ಉಳಿದಿತ್ತು. ಆ ವರ್ಷ ಎದ್ದ ಹಸಿರು ಕೋಲುಗಳು ಮರುವರ್ಷ ಜುಲೈನಲ್ಲಿ ತುಂಬ ಫಲಿಸಿದವು, ಮೊಮ್ಮಗಳ ಬಟ್ಟಲು ತುಂಬಿತು. ಆಗಸ್ಟಿನಲ್ಲಿ ಕತ್ತರಿ ಹಿಡಿದವನು ನಾನೇ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕೆಂದು ತೋರಿಸುತ್ತಾ ಮಗಳು ಪಕ್ಕದಲ್ಲಿ ನಿಂತಿದ್ದಳು. ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೊರಟಿರುವ ಹಿರಿಯರಲ್ಲಿ ನನ್ನದೊಂದು ವಿನಂತಿ: ಹಿತ್ತಲಿಗೆ ಇಳಿಯುವ ಮುನ್ನ ಅವರನ್ನು ಒಂದು ಮಾತು ಕೇಳಿರಿ.