ಲ್ಯಾಪ್‌ಟಾಪ್ ನಿಂತರೆ ಹಾಡೂ ನಿಲ್ಲಬೇಕೇ?

ಪ್ರಶ್ನೆ: ಮೆರವಣಿಗೆಗೆ ಡಿಜೆ ಒಯ್ಯುತ್ತೇನೆ. ಲ್ಯಾಪ್‌ಟಾಪ್ ಕೈಕೊಟ್ಟರೆ ಬದಲಿಗೆ ಏನಿಟ್ಟುಕೊಳ್ಳಲಿ? (ಓದುಗರೊಬ್ಬರು, ದೇವರಗುಡ್ಡ)

ಉತ್ತರ: ನಿಮ್ಮೂರಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ಸಾವಿರಾರು ಜನ ಗಪ್‌ಚಿಪ್. ಆ ಮೌನ ಕಾರಣಿಕದ ಭವಿಷ್ಯವಾಣಿಗೆ ಚಂದ, ಮೆರವಣಿಗೆಗಲ್ಲ. ಇನ್ನೊಂದು ಲ್ಯಾಪ್‌ಟಾಪ್ ಏಕೆ? ಅದು ಆನ್ ಆಗುವಷ್ಟರಲ್ಲಿ ಕುಣಿಯುವವರು ಚಹಾದಂಗಡಿ ಸೇರಿರುತ್ತಾರೆ. ಹೆಡ್‌ಫೋನ್ ಜಾಕ್ ಇರುವ ಹಳೇ ಮೊಬೈಲೇ ಸಾಕು. ಹಾಡುಗಳು ಅದರೊಳಗೇ ಇರಲಿ. ಜಾತ್ರೆಯ ಗದ್ದಲದಲ್ಲಿ ನೆಟ್‌ವರ್ಕ್ ನಂಬಬೇಡಿ, ಬ್ಲೂಟೂತಂತೂ ಬೇಡವೇ ಬೇಡ. 320 ಕೆಬಿಪಿಎಸ್ ಎಂಪಿ3 ಆದರೆ 5 ನಿಮಿಷದ ಹಾಡಿಗೆ ಸುಮಾರು 12 ಎಂಬಿ. 32 ಜಿಬಿ ಕಾರ್ಡಿನಲ್ಲಿ ಎರಡೂವರೆ ಸಾವಿರ ಹಾಡು ಹಿಡಿಸುತ್ತವೆ. ಮೊಬೈಲಿನ ವೈರನ್ನು ಮಿಕ್ಸರಿನ ಬೇರೆ ಚಾನೆಲ್‌ಗೆ ಮೊದಲೇ ಚುಚ್ಚಿ, ಒಂದು ಹಾಡನ್ನು ಪಾಜ್‌ನಲ್ಲಿಡಿ. ಫೇಡರ್ ಏರಿಸಿ, ಪ್ಲೇ ಒತ್ತಿದರಾಯಿತು. ಏರೋಪ್ಲೇನ್ ಮೋಡ್ ಮರೆತಿರೋ, ಸೋದರಮಾವನ ಫೋನ್ ಊರಿಗೆಲ್ಲ ಕೇಳಿಸುತ್ತದೆ.